ಡೀಸೆಲ್ ಕಾರಿನ ಸ್ಪ್ರಿಂಗ್ ಪೆಟ್ರೋಲ್ ಕಾರಿಗೆ: ಕೂರೋದು ಕೂರುತ್ತೆ, ಆದ್ರೆ ಹೊಂದುತ್ತಾ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಕಾರು ಓಡಿಸ್ತಾ ಕೇಳ್ತಾ ಇದ್ರೆ ಮುಂದಿನ ಹಂಪ್ ಬಂದಾಗ ಸ್ವಲ್ಪ ಗಮನ ಕೊಡಿ. ಕಾರು ಒಂದು ಸಲ ಕುಗ್ಗಿ ಎದ್ದು ಸುಮ್ಮನಾಗುತ್ತಾ, ಇಲ್ಲಾ ದೋಣಿ ಥರ ಓಲಾಡ್ತಾನೇ ಇರುತ್ತಾ? ಇವತ್ತಿನ ಮಾತೆಲ್ಲ ಅದರ ಬಗ್ಗೆನೇ.

ನಾನು ಮೊದಲ ಕಾರು ತಗೊಂಡಿದ್ದು ಸೆಕೆಂಡ್ ಹ್ಯಾಂಡ್. 2012ರ ಪೆಟ್ರೋಲ್ ಸ್ವಿಫ್ಟ್. ನಮ್ಮೂರು ಸಕಲೇಶಪುರದ ಹತ್ತಿರ. ಮನೆಗೆ ಹೋಗೋ ಕೊನೆಯ ಎರಡು ಕಿಲೋಮೀಟರ್ ರಸ್ತೆ ಅನ್ನೋ ಹಾಗೇನೂ ಇಲ್ಲ, ಬರೀ ಕಲ್ಲು. ಪ್ರತಿ ಸಲ ಕಾರಿನ ಹೊಟ್ಟೆ ನೆಲಕ್ಕೆ ತಾಗೋದು. ಮುಂದಿನ ಭಾಗ ಕುಸಿದ ಹಾಗೆ ಕಾಣೋದು. ಗೆಳೆಯನೊಬ್ಬ ಐಡಿಯಾ ಕೊಟ್ಟ: "ಡೀಸೆಲ್ ಸ್ವಿಫ್ಟ್‌ದು ಸ್ಪ್ರಿಂಗ್ ಹಾಕಿಸೋ. ಕಂಪನಿದೇ ಮಾಲು, ಗಟ್ಟಿ ಇರುತ್ತೆ, ಗುಜರಿಯಲ್ಲಿ ಹೊಸದರ ಅರ್ಧ ರೇಟಿಗೂ ಕಮ್ಮಿ ಸಿಗುತ್ತೆ." ಬೆಂಗಳೂರಲ್ಲಿ ಹಳೇ ಪಾರ್ಟ್ಸ್ ಹುಡುಕಿದವರಿಗೆ ಗೊತ್ತು, ಅಲ್ಲಿ ಕೇಳೋದು ಒಂದೇ ಪ್ರಶ್ನೆ: "ಇದು ನನ್ನ ಗಾಡಿಗೆ ಕೂರುತ್ತಾ?" ನಾನೂ ಅದನ್ನೇ ಕೇಳಿದೆ. ಅಂಗಡಿಯವರು ಕೂರುತ್ತೆ ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ, ಚೆನ್ನಾಗೇ ಕೂತಿತು.

ಆದ್ರೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: "ಈ ಸ್ಪ್ರಿಂಗ್ ಎಷ್ಟು ಭಾರ ಹೊರೋಕೆ ಮಾಡಿದ್ದು?"

ಸ್ವಿಫ್ಟ್ ನಮ್ಮ ದೇಶಕ್ಕೆ ಬಂದಿದ್ದು 2005ರಲ್ಲಿ, ಪೆಟ್ರೋಲ್ ಎಂಜಿನ್ ಜೊತೆ. 2007ರಲ್ಲಿ 1,248 ಸಿಸಿ ಡೀಸೆಲ್ ಬಂತು, 2008ರಲ್ಲಿ ಡಿಕ್ಕಿ ಇರೋ ಡಿಸೈರ್ ಬಂತು. ಹೊರಗಿಂದ ಅಣ್ಣತಮ್ಮಂದಿರು. ಆದ್ರೆ ತೂಕದ ಯಂತ್ರದ ಮೇಲೆ ನಿಲ್ಲಿಸಿದ್ರೆ ಪೆಟ್ರೋಲ್ ಸ್ವಿಫ್ಟ್‌ಗಿಂತ ಡೀಸೆಲ್ ಸ್ವಿಫ್ಟ್ ಹತ್ತಿರ ಹತ್ತಿರ 100 ಕೆಜಿ ಹೆಚ್ಚು ತೂಗುತ್ತೆ. ಆ ಭಾರದ ಬಹುಪಾಲು ಎಂಜಿನ್ ಇರೋ ಮುಂಭಾಗದಲ್ಲೇ ಇರುತ್ತೆ. ಅಂದ್ರೆ ಮುಂದಿನ ಒಂದೊಂದು ಚಕ್ರಕ್ಕೆ ಸುಮಾರು 50 ಕೆಜಿ ಹೆಚ್ಚು.

ಈಗ ಸಣ್ಣ ಲೆಕ್ಕ. ಒಂದು ಸ್ಪ್ರಿಂಗ್ 1 ಮಿಲಿಮೀಟರ್ ಕುಗ್ಗೋಕೆ 2 ಕೆಜಿ ಭಾರ ಬೇಕು ಅಂತ ಇಟ್ಕೊಳ್ಳಿ. ಅದರ ಮೇಲಿಂದ 50 ಕೆಜಿ ತೆಗೆದ್ರೆ ಎಷ್ಟು ಮೇಲೇಳುತ್ತೆ? 25 ಮಿಲಿಮೀಟರ್, ಒಂದು ಇಂಚು. ನನ್ನ ಕಾರಿಗೆ ಆಗಿದ್ದೂ ಅದೇ. ಮೂತಿ ಮೇಲೆ, ಹಿಂಭಾಗ ಕೆಳಗೆ. ಮೊದಲ ದಿನ ಖುಷಿಯೋ ಖುಷಿ, ಎಸ್‌ಯುವಿ ಥರ ಕಾಣ್ತಾ ಇದೆ ಅಂತ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ.

ಆ ವಾರವೇ ರಾತ್ರಿ ಊರಿಗೆ ಹೊರಟೆ. ಹಾಸನ ದಾಟಿದ ಮೇಲೆ ಎದುರಿಗೆ ಬರೋ ಬಸ್ಸು, ಲಾರಿ ಎಲ್ಲ ನನಗೆ ಡಿಪ್ ಡಿಮ್ ಹೊಡೆಯೋಕೆ ಶುರು ಮಾಡಿದವು. ನಾನು ಹೈ ಬೀಮ್ ಹಾಕೇ ಇರಲಿಲ್ಲ. ಮೂತಿ ಎದ್ದಿದ್ದಕ್ಕೆ ನನ್ನ ಲೋ ಬೀಮ್ ಅವರ ಕಣ್ಣಿಗೇ ಹೊಡೀತಾ ಇತ್ತು. ಮಳೆ ಬಂತು. ಒಂದು ತಿರುವಲ್ಲಿ ರಸ್ತೆ ಕಿತ್ತುಹೋಗಿತ್ತು, ಮುಂದಿನ ಚಕ್ರ ಟಕ್ ಟಕ್ ಅಂತ ಕುಣಿದು ಕಾರು ಒಂದು ಮಾರು ಪಕ್ಕಕ್ಕೆ ಸರಿಯಿತು. ಎದುರಿಗೆ ಯಾರೂ ಬರ್ತಾ ಇರಲಿಲ್ಲ, ಬದುಕಿದೆ. ಮಾರನೇ ದಿನ ಅಮ್ಮನ್ನ ಕೂರಿಸಿಕೊಂಡು ಹಾಸನಕ್ಕೆ ಹೋಗಿ ಬಂದೆ. ಇಳಿಯುವಾಗ ಸೊಂಟ ಹಿಡ್ಕೊಂಡು ಅಮ್ಮ ಹೇಳಿದ್ದು ಒಂದೇ ಮಾತು: "ಮುಂದಿನ ಸಲ ನಾನು ಬಸ್ಸಲ್ಲೇ ಬರ್ತೀನಿ ಕಣೋ."

ಬೆಂಗಳೂರಿಗೆ ವಾಪಸ್ ಬಂದವನೇ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಕೂಡ ತೆಗೀಲಿಲ್ಲ. ಮುಂದಿನ ಮೂಲೆಯನ್ನ ಎರಡೂ ಕೈಯಲ್ಲಿ ಒತ್ತಿ ಬಿಟ್ಟರು. ಕಾರು ಮೂರು ನಾಲ್ಕು ಸಲ ಕುಣೀತು. "ಏನಪ್ಪಾ, ಶಾಕ್ ಅಬ್ಸಾರ್ಬರ್ ಸತ್ತು ವರ್ಷ ಆಗಿದೆ, ನೀನು ಸ್ಪ್ರಿಂಗ್ ಬದಲಾಯಿಸಿದ್ದೀಯಲ್ಲ," ಅಂದ್ರು. "ಅಣ್ಣ, ಹಳೇ ಸ್ಪ್ರಿಂಗ್ ಮೆತ್ತಗಾಗಿತ್ತು" ಅಂದೆ. ನಕ್ಕುಬಿಟ್ಟರು. "ಸ್ಪ್ರಿಂಗ್ ಮೆತ್ತಗಾಗಲ್ಲಪ್ಪ. ಕೂರುತ್ತೆ, ಇಲ್ಲಾ ಮುರಿಯುತ್ತೆ."

ಈ ಮಾತನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ಸ್ಪ್ರಿಂಗ್ ಎಷ್ಟು ಬಿಗಿ ಅನ್ನೋದನ್ನ ತೀರ್ಮಾನ ಮಾಡೋದು ಉಕ್ಕಿನ ಗುಣ, ಕಂಬಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ. ವರ್ಷ ಹತ್ತಾದ್ರೂ ಇದು ಯಾವುದೂ ಅಷ್ಟಾಗಿ ಬದಲಾಗಲ್ಲ. ಬದಲಾಗೋದು ಎತ್ತರ. ವರ್ಷಗಟ್ಟಲೆ ಭಾರ ಹೊತ್ತು ಸ್ಪ್ರಿಂಗ್ ಶಾಶ್ವತವಾಗಿ ಸ್ವಲ್ಪ ಕುಳ್ಳಗಾಗುತ್ತೆ. ಹಾಗಾಗಿ ಕಾರು ತಗ್ಗುತ್ತೆ. ಓಲಾಡೋದು ಮಾತ್ರ ಸ್ಪ್ರಿಂಗ್ ತಪ್ಪಲ್ಲ. ಸ್ಪ್ರಿಂಗ್ ಭಾರ ಹೊರುತ್ತೆ, ಕುಣಿತ ನಿಲ್ಲಿಸೋದು ಶಾಕ್ ಅಬ್ಸಾರ್ಬರ್. ಸತ್ತ ಶಾಕ್ ಅಬ್ಸಾರ್ಬರ್ ಮೇಲೆ ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿದ್ರೆ ಕುಣಿತ ಹೆಚ್ಚಾಗುತ್ತೆ ಹೊರತು ಕಮ್ಮಿ ಆಗಲ್ಲ. ಮಳೆಯಲ್ಲಿ ನನ್ನ ಚಕ್ರ ಕುಣಿದಿದ್ದು ಅದಕ್ಕೇ.

ಇನ್ನೊಂದು ವಿಷಯ. ಕಂಬಿಯ ದಪ್ಪ ಸ್ವಲ್ಪ ಹೆಚ್ಚಿದ್ರೆ ಏನಾಯ್ತು ಅಂತ ಕಣ್ಣಳತೆಯಲ್ಲಿ ತಗೋಬೇಡಿ. ಬಿಗಿ ಹೆಚ್ಚೋದು ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ. ಉಳಿದದ್ದೆಲ್ಲ ಒಂದೇ ಇದ್ದು ಕಂಬಿ 12 ಮಿಲಿಮೀಟರ್‌ನಿಂದ 13 ಆದ್ರೆ ಸ್ಪ್ರಿಂಗ್ ಸುಮಾರು ಶೇ 38ರಷ್ಟು ಬಿಗಿಯಾಗುತ್ತೆ. ಒಂದೇ ಒಂದು ಮಿಲಿಮೀಟರ್! ಸುತ್ತು ಕತ್ತರಿಸಿ ಕಾರು ತಗ್ಗಿಸೋರೂ ಇದನ್ನ ಮರೀತಾರೆ. ಕೆಲಸ ಮಾಡೋ ಆರು ಸುತ್ತಲ್ಲಿ ಒಂದು ಕತ್ತರಿಸಿದ್ರೆ ಸ್ಪ್ರಿಂಗ್ ಕುಳ್ಳಗಾಗೋದರ ಜೊತೆಗೆ ಶೇ 20ರಷ್ಟು ಬಿಗಿಯೂ ಆಗುತ್ತೆ. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರಲ್ಲ.

ಹಾಗಾದ್ರೆ ಹಳೇ ಸ್ಪ್ರಿಂಗ್ ಹಾಕಲೇಬಾರದಾ? ಹಾಗೇನಿಲ್ಲ. ಕಂಪನಿಯ ಸ್ಪ್ರಿಂಗ್ ಒಳ್ಳೇ ಮಾಲು. ಅದೇ ಮಾಡೆಲ್, ಅದೇ ತಲೆಮಾರು, ಅದೇ ಎಂಜಿನ್ ಇರೋ ಕಾರಿಂದ ತೆಗೆದ, ತುಕ್ಕು ಹಿಡಿಯದ ಜೋಡಿ ಸಿಕ್ಕರೆ ಧಾರಾಳವಾಗಿ ಹಾಕಬಹುದು. ತಲೆಮಾರು ಅಂತ ಯಾಕೆ ಹೇಳಿದೆ ಅಂದ್ರೆ, ಸ್ವಿಫ್ಟ್ ಅನ್ನೋ ಹೆಸರು ಒಂದೇ ಆದ್ರೂ 2005ರದ್ದು, 2011ರದ್ದು, 2018ರದ್ದು ಬೇರೆ ಬೇರೆ ಕಾರುಗಳೇ. ಪೋಲೋ, ವೆಂಟೋ, ರ‍್ಯಾಪಿಡ್ ಇಟ್ಕೊಂಡಿರೋರಿಗೂ ಇದೇ ಮಾತು. ಮೂರಕ್ಕೂ ತಳಹದಿ ಒಂದೇ, ಆದ್ರೆ ಒಂದು ಹ್ಯಾಚ್‌ಬ್ಯಾಕ್, ಎರಡು ಡಿಕ್ಕಿ ಕಾರು. ಅದರ ಮೇಲೆ ಪೆಟ್ರೋಲ್, ಡೀಸೆಲ್ ವ್ಯತ್ಯಾಸ. ತಳಹದಿ ಒಂದೇ ಅಂದ ಮಾತ್ರಕ್ಕೆ ಭಾರ ಒಂದೇ ಅಲ್ಲ.

ಸಂಬಂಧಿ ಕಾರಿನ ಸ್ಪ್ರಿಂಗ್ ಅರ್ಥಪೂರ್ಣ ಆಗೋ ಸಂದರ್ಭವೂ ಒಂದಿದೆ. ನಿಮ್ಮ ಕಾರಿನ ಭಾರವೇ ನಿಜವಾಗಿ ಹೆಚ್ಚಾಗಿದ್ದಾಗ. ಸಿಎನ್‌ಜಿ ಕಿಟ್ ಹಾಕಿಸಿದ್ದೀರಿ, ಹಿಂದೆ ಸಿಲಿಂಡರ್ ಕೂತಿದೆ, ಮನೆಯವರೆಲ್ಲ ಹತ್ತಿದ್ರೆ ಹಿಂಭಾಗ ನೆಲ ಸವರುತ್ತೆ. ಆಗ ಅದೇ ಕಾರಿನ ಕಂಪನಿ ಸಿಎನ್‌ಜಿ ಆವೃತ್ತಿಗೆ ಹಿಂದೆ ಯಾವ ಸ್ಪ್ರಿಂಗ್ ಕೊಟ್ಟಿದ್ದಾರೆ ಅಂತ ಪಾರ್ಟ್ ನಂಬರ್ ನೋಡಿ ಹುಡುಕೋದು ಸರಿ. ಕಿಟ್ ಹಾಕಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕು, ಅದು ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದೇ ಇಂಥ ಮಾರ್ಪಾಡುಗಳ ಬಗ್ಗೆ.

ಅಂಗಡಿಗೆ ಹೋಗೋ ಮೊದಲು ಇಷ್ಟು ನೆನಪಿಟ್ಕೊಳ್ಳಿ.

ಮೊದಲು ನಿಮ್ಮ ಕಾರಿನ ಪಾರ್ಟ್ ನಂಬರ್ ಬರ್ಕೊಂಡು ಹೋಗಿ. ಸರ್ವಿಸ್ ಸೆಂಟರ್‌ನ ಪಾರ್ಟ್ಸ್ ಕೌಂಟರಲ್ಲಿ ಚಾಸಿ ನಂಬರ್ ಕೊಟ್ಟು ಕೇಳಬಹುದು. ಎಷ್ಟೋ ಸ್ಪ್ರಿಂಗ್‌ಗಳ ಮೇಲೆ ಬಣ್ಣದ ಚುಕ್ಕೆ ಅಥವಾ ಪಟ್ಟಿ ಇರುತ್ತೆ. ಅದು ಅಲಂಕಾರ ಅಲ್ಲ, ಯಾವ ಭಾರಕ್ಕೆ ಯಾವ ಸ್ಪ್ರಿಂಗ್ ಅಂತ ಗುರುತು.

ಎರಡನೆಯದು, ಜೋಡಿಯಾಗೇ ತಗೊಳ್ಳಿ. ಎಡಕ್ಕೊಂದು ಕಾರಿಂದು, ಬಲಕ್ಕೊಂದು ಕಾರಿಂದು ಹಾಕಿದ್ರೆ ಕಾರು ವಾಲುತ್ತೆ.

ಮೂರನೆಯದು, ಕೆಳಗಿನ ಸುತ್ತನ್ನ ಬೆಳಕಿಗೆ ಹಿಡಿದು ನೋಡಿ. ಕೆಸರು, ನೀರು ನಿಲ್ಲೋದು ಅಲ್ಲೇ, ಸ್ಪ್ರಿಂಗ್ ಮುರಿಯೋದೂ ಹೆಚ್ಚಾಗಿ ಅಲ್ಲೇ. ಮೇಲಿನ ಲೇಪ ಎದ್ದು, ತುಕ್ಕು ತಿಂದು ಗುಳಿ ಬಿದ್ದಿದ್ರೆ ಬಿರುಕು ಶುರುವಾಗೋದು ಆ ಗುಳಿಯಿಂದಲೇ. ಪೇಂಟ್ ಹೊಡೆದು ಹೊಸದರಂತೆ ಮಾಡಿದ್ರೆ ಅನುಮಾನ ಪಡಿ. ಬೆಂಕಿಯಲ್ಲಿ ಕಾಯಿಸಿದ ಗುರುತು, ವೆಲ್ಡಿಂಗ್, ಕತ್ತರಿಸಿದ ತುದಿ ಕಂಡ್ರೆ ಅಲ್ಲೇ ಇಟ್ಟು ಬನ್ನಿ. ಸ್ಪ್ರಿಂಗ್ ಉಕ್ಕಿಗೆ ಶಕ್ತಿ ಬಂದಿರೋದೇ ಕಾರ್ಖಾನೆಯಲ್ಲಿ ಅಳತೆ ಮಾಡಿ ಕೊಟ್ಟ ಶಾಖದಿಂದ, ಗ್ಯಾಸ್ ಟಾರ್ಚ್ ಹಿಡಿದ್ರೆ ಅದು ಹೋಗುತ್ತೆ.

ನಾಲ್ಕನೆಯದು ಜೀವದ ಪ್ರಶ್ನೆ. ಯೂಟ್ಯೂಬ್ ನೋಡಿ ಮನೆ ಮುಂದೆ ಬಿಚ್ಚಬೇಡಿ. 300 ಕೆಜಿ ಬಲದಲ್ಲಿ 15 ಸೆಂಟಿಮೀಟರ್ ಅದುಮಿಟ್ಟ ಸ್ಪ್ರಿಂಗ್ ಒಳಗಿರೋ ಶಕ್ತಿ ಎಷ್ಟು ಗೊತ್ತಾ? 25 ಕೆಜಿ ಅಕ್ಕಿ ಮೂಟೆ ಮೂರಡಿ ಮೇಲಿಂದ ಬಿದ್ದಷ್ಟು. ಅದು ಮುಖಕ್ಕೆ ಬಡಿದ್ರೆ? ಕಂಪ್ರೆಸರ್ ಟೂಲ್ ಹಾಕಿ ಬಿಗಿ ಮಾಡದೆ ಮೇಲಿನ ನಟ್ ಮುಟ್ಟಲೇಬಾರದು. ಆ ಟೂಲ್ ಇಲ್ಲದೆ ಹಗ್ಗ, ಸರಪಳಿ ಕಟ್ಟಿ ಮಾಡ್ತೀನಿ ಅನ್ನೋ ಗ್ಯಾರೇಜ್ ಇದ್ರೆ ಕೀ ವಾಪಸ್ ಇಸ್ಕೊಂಡು ಬನ್ನಿ.

ಕೊನೆಯದಾಗಿ, ಹಾಕಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಎತ್ತರ ಸರಿ ಮಾಡಿಸಿ. ಎತ್ತರ ಬದಲಾದ್ರೆ ಚಕ್ರದ ಕೋನವೂ ಬದಲಾಗುತ್ತೆ, ಟೈರ್ ಒಂದೇ ಕಡೆ ಸವೆಯುತ್ತೆ. ಸ್ಪ್ರಿಂಗ್‌ನಲ್ಲಿ ಉಳಿಸಿದ ದುಡ್ಡು ಟೈರ್‌ಗೆ ಹೋಗುತ್ತೆ.

ನನ್ನ ಕಥೆ ಹೇಗೆ ಮುಗೀತು ಅಂತೀರಾ? ಡೀಸೆಲ್ ಸ್ಪ್ರಿಂಗ್ ತೆಗೆಸಿದೆ. ಪುಣ್ಯಕ್ಕೆ ನನ್ನ ಹಳೇ ಜೋಡಿ ಮಂಚದ ಕೆಳಗೆ ಹಾಗೇ ಇತ್ತು, ಮೆಕ್ಯಾನಿಕ್ ಅಣ್ಣ ಅಳತೆ ನೋಡಿ ಚೆನ್ನಾಗಿದೆ ಅಂದ್ರು. ಹೊಸ ಶಾಕ್ ಅಬ್ಸಾರ್ಬರ್, ಸವೆದುಹೋಗಿದ್ದ ರಬ್ಬರ್‌ಗಳು, ಅಲೈನ್‌ಮೆಂಟ್. ಮೊದಲೇ ಇಷ್ಟು ಮಾಡಿಸಿದ್ರೆ ಗುಜರಿಗೆ ಕೊಟ್ಟ ದುಡ್ಡು, ಎರಡು ಸಲದ ಕೂಲಿ ಎಲ್ಲ ಉಳೀತಿತ್ತು. ಮನೆ ಹತ್ತಿರದ ಆ ಎರಡು ಕಿಲೋಮೀಟರ್ ಕಲ್ಲು ಹಾಗೇ ಇದೆ, ಅಲ್ಲಿ ಈಗ ಮೊದಲ ಗೇರಲ್ಲಿ ನಿಧಾನಕ್ಕೆ ಹೋಗ್ತೀನಿ. ಅಮ್ಮ ಮತ್ತೆ ನನ್ನ ಕಾರಲ್ಲಿ ಕೂತರು. ಹಾಸನದ ತನಕ ನಿದ್ದೆ ಮಾಡಿದ್ರು.

ನಿಮ್ಮ ಕಾರಿನ ಮೂಲೆಯನ್ನ ಇವತ್ತು ಸಂಜೆ ಒಂದು ಸಲ ಒತ್ತಿ ಬಿಟ್ಟು ನೋಡಿ. ಎದ್ದು ನಿಂತರೆ ಸರಿ. ಕುಣೀತಾನೇ ಇದ್ರೆ ಮೊದಲು ಶಾಕ್ ಅಬ್ಸಾರ್ಬರ್ ತೋರಿಸಿ, ಸ್ಪ್ರಿಂಗ್ ವಿಚಾರ ಆಮೇಲೆ. ಮುಂದಿನ ವಾರ ಮತ್ತೆ ಸಿಗೋಣ. ಹುಷಾರಾಗಿ ಓಡಿಸಿ. ನಮಸ್ಕಾರ.