ರಕ್ತದ ವರದಿಯಲ್ಲಿ ಐದು ಹೆಸರು

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರ್ ಅಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಬಿಳಿ ರಕ್ತಕಣಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಸಮಿತಿಯವರು ನಕ್ಕರು. ಕಾರಣ ಹೇಳುತ್ತೇನೆ.

2015ರ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿ, "ಎಡಪಕ್ಕಡಿ ಕೆಳಗ ಭಾರ ಅನಸತೈತಿ. ಎರಡು ತುತ್ತಿಗೆ ಹೊಟ್ಟಿ ತುಂಬತೈತಿ. ಮೈಯಾಗ ಶಕ್ತಿನ ಇಲ್ಲೋ ತಮ್ಮಾ" ಅಂದರು. "ಗ್ಯಾಸ್ ಇರಬೇಕಪ್ಪಾ, ಗುಳಿಗಿ ತಗೋ" ಅಂದೆ. ನನಗೆ ಮೀಟಿಂಗಿಗೆ ಹೊತ್ತಾಗಿತ್ತು. ಮೂರು ತಿಂಗಳು ಗ್ಯಾಸಿನ ಗುಳಿಗೆಯಲ್ಲೇ ಕಳೆಯಿತು. ಪಂಚಮಿಗೆ ಊರಿಗೆ ಬಂದು ನೋಡಿದರೆ ಅಪ್ಪನ ಮೈಮೇಲೆ ಅಂಗಿ ಜೋಲುತ್ತಿತ್ತು. ಮರುದಿನವೇ ರಕ್ತಪರೀಕ್ಷೆ ಮಾಡಿಸಿದೆ. ಬಿಳಿ ಕಣಗಳ ಲೆಕ್ಕ 2,14,000. ಮಶೀನು ತಪ್ಪಿರಬೇಕೆಂದು ಲ್ಯಾಬಿನ ಹುಡುಗ ಇನ್ನೊಮ್ಮೆ ರಕ್ತ ತೆಗೆದ. ಮತ್ತೆ ಹೆಚ್ಚುಕಡಿಮೆ ಅಷ್ಟೇ ಬಂತು. ದೊಡ್ಡವರಲ್ಲಿ ಇರಬೇಕಾದದ್ದು ಒಂದು ಮೈಕ್ರೋಲೀಟರಿಗೆ, ಅಂದರೆ ರಾಗಿ ಕಾಳಿಗಿಂತ ಚಿಕ್ಕ ಹನಿಯಲ್ಲಿ, ಸುಮಾರು 4,000ದಿಂದ 11,000.

ಆ ಅಂಕಿಯ ಕೆಳಗೆ ಐದು ಹೆಸರುಗಳಿದ್ದವು. ಇದೇ ಶಾಲೆಯ ಕರಿಹಲಗೆಯ ಮೇಲೆ ನಮ್ಮ ವಿಜ್ಞಾನದ ಗುರುಗಳು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿ ಬರೆದಿದ್ದ ಹೆಸರುಗಳು. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತಿದ್ದೆ. ಅಂದು ರಾತ್ರಿ ಮತ್ತೆ ಓದಿದೆ.

ಬಿಳಿ ಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಮೊದಲನೆಯದು ನ್ಯೂಟ್ರೋಫಿಲ್, ನೂರಕ್ಕೆ 40ರಿಂದ 70 ಇವೇ. ಮುಳ್ಳು ಚುಚ್ಚಿದ ಜಾಗಕ್ಕೆ ಮೊದಲು ಓಡಿಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಗಾಯದ ಕೀವಿನಲ್ಲಿ ಹೆಚ್ಚಾಗಿ ಇರುವುದು ಹಾಗೆ ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ. ಎರಡನೆಯದು ಲಿಂಫೋಸೈಟ್, ನೂರಕ್ಕೆ 20ರಿಂದ 40. ಇವುಗಳಲ್ಲಿ ಬಿ ಕಣಗಳು ಪ್ರತಿಕಾಯ ತಯಾರಿಸುತ್ತವೆ, ಕೆಲವು ಟಿ ಕಣಗಳು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುತ್ತವೆ. ಒಮ್ಮೆ ಕಂಡ ವೈರಿಯನ್ನು ವರ್ಷಗಟ್ಟಲೆ ನೆನಪಿಡುವ ಕಣಗಳೂ ಇವುಗಳಲ್ಲೇ ಇವೆ. ಮಕ್ಕಳಿಗೆ ಲಸಿಕೆ ಹಾಕಿಸುವುದು ಈ ನೆನಪಿಗಾಗಿ. ಮೂರನೆಯದು ಮೊನೊಸೈಟ್. ರಕ್ತದಿಂದ ಅಂಗಾಂಶಕ್ಕೆ ಇಳಿದು, ದೊಡ್ಡದಾಗಿ, ಸತ್ತ ಕಣಗಳ ಕಸವನ್ನೆಲ್ಲ ಬಳಿಯುತ್ತದೆ. ನಾಲ್ಕನೆಯದು ಇಯೊಸಿನೊಫಿಲ್. ಹೊಟ್ಟೆಯ ಹುಳ, ಅಲರ್ಜಿ, ಅಸ್ತಮಾ ಇದ್ದರೆ ಇವು ಹೆಚ್ಚುತ್ತವೆ. ಬರಿಗಾಲಿನಲ್ಲಿ ಹಸಿ ಮಣ್ಣು ತುಳಿದಾಗ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗಬಲ್ಲದು. ಆದ್ದರಿಂದ ಮಕ್ಕಳೇ, ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ. ನಾವು ಎಸೆಯುತ್ತಿದ್ದೆವು! ಐದನೆಯದು ಬೇಸೊಫಿಲ್, ನೂರಕ್ಕೆ ಒಂದೋ ಅದಕ್ಕಿಂತ ಕಡಿಮೆಯೋ. ಹಿಸ್ಟಮಿನ್ ಎಂಬ ರಾಸಾಯನಿಕ ಬಿಟ್ಟು ತುರಿಕೆ, ಊತ ತರುವುದರಲ್ಲಿ ಇದರ ಪಾಲಿದೆ.

ಲೆಕ್ಕ ಏರಿದ ಕೂಡಲೇ ಗಾಬರಿ ಬೇಡ. ನ್ಯುಮೋನಿಯಾ ಬಂದರೂ, ಕುರು ಎದ್ದರೂ ಬಿಳಿ ಕಣ ಏರುತ್ತವೆ. ಸ್ಟೆರಾಯ್ಡ್ ಔಷಧದಿಂದಲೂ ಏರುತ್ತವೆ. ಡೆಂಗೀ, ಟೈಫಾಯ್ಡ್‌ನಲ್ಲಿ ಇಳಿಯಬಹುದು. ಕ್ಯಾನ್ಸರ್ ಔಷಧದಿಂದಲೂ ಇಳಿಯುತ್ತವೆ. ಎಚ್‌ಐವಿ ವೈರಸ್ ಒಂದು ಬಗೆಯ ಟಿ ಕಣವನ್ನೇ ನಾಶ ಮಾಡುತ್ತದೆ. ಹಾಗಾಗಿ ಒಟ್ಟು ಲೆಕ್ಕ ಒಂದೇ ಸಾಲದು. ಐದರಲ್ಲಿ ಯಾವುದು ಏರಿದೆ, ಯಾವುದು ಇಳಿದಿದೆ, ಎಳೆಯ ಕಣಗಳು ರಕ್ತಕ್ಕೆ ಬಂದಿವೆಯೇ ಎಂದು ಡಾಕ್ಟರು ನೋಡುತ್ತಾರೆ.

ಅಪ್ಪನ ರಕ್ತದಲ್ಲಿ ಎಳೆಯ ಕಣಗಳಿದ್ದವು. ಹುಬ್ಬಳ್ಳಿಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಗುಲ್ಮ ಊದಿದೆ ಅಂದರು. ನಾನು ಗ್ಯಾಸ್ ಅಂದದ್ದು ಅದನ್ನೇ. ಮಜ್ಜೆಯ ಪರೀಕ್ಷೆಯಾದ ಮೇಲೆ ರೋಗಕ್ಕೆ ಹೆಸರು ಸಿಕ್ಕಿತು: ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ರಕ್ತದ ಕ್ಯಾನ್ಸರಿನ ಒಂದು ಬಗೆ. 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಒಂದು ತಪ್ಪು ಜೀನ್ ಹುಟ್ಟುತ್ತದೆ. ನಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ, ಎರಡು ಪ್ರೋಗ್ರಾಮಿನ ಸಾಲುಗಳು ಬೆರೆತು "ಕಣ ತಯಾರಿಸುವುದನ್ನು ನಿಲ್ಲಿಸು" ಎಂಬ ಆದೇಶವೇ ಕೆಲಸ ಮಾಡುವುದಿಲ್ಲ.

ಈ ತಪ್ಪು ಜೀನಿನ ಕೆಲಸವನ್ನು ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತ್ತು. 2013ರ ಹೊತ್ತಿಗೆ ವಿದೇಶಿ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ನಮ್ಮ ದೇಶದ ಕಂಪನಿಗಳು ಮಾಡಿದ್ದಕ್ಕೆ ಸುಮಾರು 8,000ದಿಂದ 10,000 ಇತ್ತು. ವಿದೇಶಿ ಕಂಪನಿ ಕೇಳಿದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಆ ತೀರ್ಪು ಬೇರೆಯಾಗಿದ್ದರೆ ನಮ್ಮಂಥ ಗೋವಿನಜೋಳ ಬೆಳೆಯುವ ಮನೆಯ ಗತಿ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಅಪ್ಪ ಅಂದಿನಿಂದ ದಿನಾ ಗುಳಿಗೆ ತೆಗೆದುಕೊಳ್ಳುತ್ತಾರೆ. ಒಮ್ಮೆ "ಆರಾಮ ಆಗೇತಿ" ಎಂದು ಇಪ್ಪತ್ತು ದಿನ ತಾವೇ ಬಿಟ್ಟಿದ್ದರು. ಲೆಕ್ಕ ಮತ್ತೆ ಏರಿತು. ಡಾಕ್ಟರು ಹೇಳದೆ ಈ ಗುಳಿಗೆ ಬಿಡುವಂತಿಲ್ಲ ಎಂದು ಅವತ್ತು ಮನೆಮಂದಿಗೆಲ್ಲ ಗೊತ್ತಾಯಿತು. ಇವತ್ತು ಅವರು ಅಲ್ಲಿ, ಮೂರನೇ ಸಾಲಿನಲ್ಲಿ, ಪಟಗಾ ಸುತ್ತಿಕೊಂಡು ಕೂತಿದ್ದಾರೆ.

ಊರು ಬಿಟ್ಟು ದೂರ ಇರುವ ನನ್ನಂಥವರಲ್ಲಿ ಒಂದು ವಿನಂತಿ. ಅಪ್ಪ-ಅವ್ವ ಫೋನಿನಲ್ಲಿ ನೋವು ಹೇಳಿದರೆ ನೀವೇ ಔಷಧ ಹೇಳಬೇಡಿ. ವಾರಗಟ್ಟಲೆ ಜ್ವರ, ಕಾರಣವಿಲ್ಲದ ಸುಸ್ತು, ತೂಕ ಇಳಿಯುವುದು, ಒಸಡಿನಲ್ಲಿ ರಕ್ತ, ಎಡಪಕ್ಕೆಯ ಭಾರ, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ. ರಕ್ತಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಹಳೆಯ ವರದಿಗಳನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಕ್ಯಾನ್ಸರ್ ಎಂದಾದರೆ ಹೊಲ ಮಾರುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಆಸ್ಪತ್ರೆ ಇದೆ.

ಐದು ಹೆಸರು ಕಲಿಸಿದ ಗುರುಗಳ ಪಾದಕ್ಕೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.