ಮೊದಲು ಮಗುವಿನ ಉಗುರು ನೋಡೋಣ



ಮಕ್ಕಳಿಗೆ ಬರುವ ಸೋರಿಯಾಸಿಸ್ ಕೀಲೂತದ ಬಗ್ಗೆ ಇಡೀ ಒಂದು ದಿನ ಚರ್ಚಿಸಲು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವೈದ್ಯರು, ದಾದಿಯರು, ವಿದ್ಯಾರ್ಥಿಗಳಾದ ನೀವು ಹೊರರೋಗಿ ವಿಭಾಗ, ಕ್ಲಿನಿಕ್ಕುಗಳನ್ನು ಬಿಟ್ಟು ಬಂದಿದ್ದೀರಿ.

ಬಹಳ ವರ್ಷಗಳಿಂದ ಮನಸ್ಸಿನಲ್ಲಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಗೆ ನಾವು ಚರ್ಮರೋಗದ ಹೆಸರಿಟ್ಟೆವು; ಆಮೇಲೆ ಚರ್ಮದಲ್ಲಿ ಕಾಣಿಸಲಿ ಎಂದು ಕಾಯುತ್ತ ಕುಳಿತೆವು. ಎಷ್ಟೋ ಮಕ್ಕಳಲ್ಲಿ ಮೊದಲು ಬಾಯುವುದು ಕೀಲು. ಚರ್ಮದ ಮೇಲೆ ಹೊಪ್ಪಳೆ ಏಳುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ. ಬೆಳೆಯುವ ಮೂಳೆ ಅಲ್ಲಿಯವರೆಗೆ ತಡೆದು ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ 2008ರಲ್ಲಿ ಚಿಕುನ್‌ಗುನ್ಯ ಹಬ್ಬಿದ್ದು ನಿಮಗೆ ನೆನಪಿರಬಹುದು. ರಬ್ಬರ್ ತೋಟದ ಗೆರಟೆಗಳಲ್ಲಿ, ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರನ್ನು ಚೆಲ್ಲಿಸಿದ ದಿನಗಳವು. ಆ ಬಳಿಕ ಯಾರಿಗೆ ಗಂಟು ನೋವು ಬಂದರೂ ಜನ ಅದನ್ನೇ ದೂರುತ್ತಿದ್ದರು. ಅಂಥ ಸಮಯದಲ್ಲಿ ಕಡಬದ ಕಡೆಯಿಂದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಒಂದು ಮೊಣಕಾಲು ಬಾತಿತ್ತು. ರಕ್ತದಲ್ಲಿ ಎಎಸ್‌ಓ (ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತು) ಏರಿತ್ತು. ರುಮಾಟಿಕ್ ಜ್ವರವೆಂದು ತೀರ್ಮಾನಿಸಿ 21 ದಿನಕ್ಕೊಮ್ಮೆ ಪೆನಿಸಿಲಿನ್ ಬರೆದವನು ನಾನೇ. ರುಮಾಟಿಕ್ ಜ್ವರದ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ; ಈ ಮಗುವಿನ ಊತ ಕೂತಲ್ಲೇ ಕೂತಿತ್ತು. ಅದನ್ನು ನಾನು ಗಮನಿಸಬೇಕಿತ್ತು.

ಮುಂದಿನ ವರ್ಷ ಆಕೆ ಚಪ್ಪಲಿ ಬಿಚ್ಚಿದಾಗ ಕಾಲಿನ ಎರಡನೇ ಬೆರಳು ಬುಡದಿಂದ ತುದಿವರೆಗೆ ತೊಂಡೆಕಾಯಿಯಂತೆ ಬಾತಿರುವುದು ಕಂಡಿತು. ಯಾರದೋ ಮದುವೆಗೆ ಹಚ್ಚಿದ ಮದರಂಗಿ ಕೈಯಲ್ಲಿ ಇನ್ನೂ ಮಾಸಿರಲಿಲ್ಲ. ಕೆಂಪಾದ ಉಗುರುಗಳ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು. ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದೆಯೇ ಎಂದು ಕೇಳಿದೆ. “ಇಲ್ಲ ಡಾಕ್ಟ್ರೇ, ಯಾರಿಗೂ ಇಲ್ಲ” ಎಂದರು ತಾಯಿ. ಚರ್ಮದ ತೊಂದರೆಗೆಂದು ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಂಡದ್ದು ಉಂಟಾ ಎಂದು ಕೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಸೀರೆಯ ಸೆರಗು ಸರಿಸಿ ತಮ್ಮ ಮೊಣಕೈ ತೋರಿಸಿದರು.

ಹರಕೆ ಅವರ ನಂಬಿಕೆ, ಅದನ್ನು ಗೌರವಿಸುತ್ತೇನೆ. ಆದರೆ ಕಾಯಿಲೆಯ ಹೆಸರು ಹಿಡಿದು ಕೇಳಿದಾಗ ಸಿಗದ ಉತ್ತರ, ಅವರ ಬದುಕಿನ ಮಾತಿನಲ್ಲಿ ಕೇಳಿದಾಗ ಸಿಕ್ಕಿತು.

ನಿಯಮ ಏನು ಹೇಳುತ್ತದೆ? ಮಕ್ಕಳ ಕೀಲೂತಕ್ಕೆ ಸಂಧಿವಾತ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಲ್‌ಎಆರ್ 2001ರಲ್ಲಿ ಎಡ್ಮಂಟನ್‌ನಲ್ಲಿ ಪರಿಷ್ಕರಿಸಿದ ವರ್ಗೀಕರಣ ನಿಮಗೆಲ್ಲ ಗೊತ್ತು. ಅದರಂತೆ ಸೋರಿಯಾಸಿಸ್ ಕೀಲೂತ ಎನ್ನಬೇಕಾದರೆ, 16 ವರ್ಷ ತುಂಬುವ ಮೊದಲು ಶುರುವಾಗಿ 6 ವಾರ ಉಳಿದ ಕೀಲೂತದ ಜೊತೆ ಸೋರಿಯಾಸಿಸ್ ಇರಬೇಕು. ಇಲ್ಲವೇ ಇಡೀ ಬೆರಳಿನ ಊತ, ಉಗುರಿನ ಗುಳಿ ಅಥವಾ ಉಗುರು ಏಳುವುದು, ತಂದೆ ತಾಯಿ ಒಡಹುಟ್ಟಿದವರಲ್ಲಿ ಸೋರಿಯಾಸಿಸ್, ಈ ಮೂರರಲ್ಲಿ ಎರಡಾದರೂ ಇರಬೇಕು. ಆ ಹುಡುಗಿಯಲ್ಲಿ ಮೂರೂ ಇದ್ದವು; ಚರ್ಮ ಮಾತ್ರ ನುಣುಪಾಗಿತ್ತು.

ತಾಯಿಗೆ ಸೋರಿಯಾಸಿಸ್ ಇದ್ದು, ಮಗುವಿನಲ್ಲಿ ಉಳಿದ ಗುರುತುಗಳು ಇಲ್ಲದಿದ್ದರೆ? ಆ ಮಗು ‘ವರ್ಗೀಕರಿಸಲಾಗದ’ ಗುಂಪಿಗೆ ಬೀಳುತ್ತದೆ. ಸಂಶೋಧನೆಗೆಂದು ಹೆಣೆದ ಜರಡಿಯನ್ನು ನಾವು ಚಿಕಿತ್ಸೆಯ ಬಾಗಿಲಿಗೆ ಕಟ್ಟಿದ್ದೇ ತಪ್ಪಾಯಿತು. 2019ರಲ್ಲಿ ಪ್ರಿಂಟೋ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲ ಮುಂದಿಟ್ಟ ಹೊಸ ಕರಡಿನಲ್ಲಂತೂ ಸೋರಿಯಾಸಿಸ್‌ಗೆ ಪ್ರತ್ಯೇಕ ವರ್ಗವೇ ಇಲ್ಲ.

ಇದು ಒಂದೇ ಕಾಯಿಲೆಯೇ, ಎರಡೇ? ನನ್ನನ್ನು ಇಂದಿಗೂ ಬಿಡದ ಪ್ರಶ್ನೆ ಇದು. ಎರಡು ಮೂರು ವರ್ಷದ ಕೂಸುಗಳಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್ ಬರುತ್ತದೆ, ಬೆರಳು ಬಾಯುತ್ತದೆ, ಕಣ್ಣಿನ ಒಳಗೆ ಸದ್ದಿಲ್ಲದೆ ಉರಿಯೂತ ಬೆಳೆಯಬಹುದು. ಹತ್ತು ಹನ್ನೆರಡರ ಮಕ್ಕಳಲ್ಲಿ ಸ್ನಾಯು ಮೂಳೆಗೆ ಅಂಟುವ ಜಾಗ, ಸೊಂಟ, ಬೆನ್ನು ನೋಯುತ್ತವೆ. ಇಬ್ಬರಿಗೂ ನಾವು ಒಂದೇ ಹೆಸರು ಕೊಟ್ಟಿದ್ದೇವೆ. ಸಭೆಯಲ್ಲಿರುವ ಚರ್ಮರೋಗ ಮತ್ತು ನೇತ್ರ ತಜ್ಞರು ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಾರೆ. ಉತ್ತರ ಸಿಗುವವರೆಗೆ ಚಿಕಿತ್ಸೆ ಮಾತ್ರ ನಿಲ್ಲಬಾರದು.

ಚಿಕಿತ್ಸೆ ನಮ್ಮ ಕೈಗೆ ಎಟುಕದ್ದೇನಲ್ಲ. ಒಂದೆರಡು ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು. ಊತ ಇಳಿಯದಿದ್ದರೆ ತಡಮಾಡದೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಮ್ಲ, ರಕ್ತ ಮತ್ತು ಯಕೃತ್ತಿನ ಪರೀಕ್ಷೆ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ‘ಸೋಮವಾರ’ ಎಂದೇ ಬರೆಯಿರಿ. ಸಾಲದಿದ್ದರೆ, ಕ್ಷಯದ ಪರೀಕ್ಷೆ ಮಾಡಿಸಿ, ಅಡಾಲಿಮುಮ್ಯಾಬ್‌ನಂಥ ಜೈವಿಕ ಔಷಧ. ಕಣ್ಣಿಗೆ ಸ್ಲಿಟ್ ಲ್ಯಾಂಪ್ ಪರೀಕ್ಷೆ ಕಡ್ಡಾಯ. ಕಣ್ಣು ಕೆಂಪಾಗಲಿ ಎಂದು ಕಾಯಬೇಡಿ. ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸಿ ಥಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಭುಗಿಲೇಳಬಹುದು.

ಆ ಹುಡುಗಿಯ ಊತ ಮೆಥೋಟ್ರೆಕ್ಸೇಟ್‌ನಿಂದ ಇಳಿಯಿತು. ಆದರೆ ಕಾಯಿಲೆಯ ಕಾಲಿನ ಮೂಳೆ ಅಷ್ಟರಲ್ಲಿ ಹೆಚ್ಚು ಬೆಳೆದಿತ್ತು. ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಯಿತು. ಅದಕ್ಕೆ ಮದ್ದಿಲ್ಲ. ಇನ್ನೊಂದು ಕಾಲಿನ ಚಪ್ಪಲಿಗೆ ಅಟ್ಟೆ ಹಚ್ಚಿಸಿದೆವು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ನಮ್ಮ ಶಾಲೆ, ಅಂಗನವಾಡಿಗಳಿಗೆ ಹೋಗುತ್ತವೆ. ಕುಂಟುವ ಮಗು ಕಂಡರೆ ಚಪ್ಪಲಿ ಬಿಚ್ಚಿಸಿ, ಹತ್ತು ಉಗುರು ನೋಡಿ, ತಾಯಿಯನ್ನು ಮೆಲ್ಲಗೆ ಕೇಳಿ. ಊತ ಆರು ವಾರ ದಾಟಿದ್ದರೆ ಅದೇ ವಾರ ಮುಂದಿನ ಆಸ್ಪತ್ರೆಗೆ ಕಳಿಸಿ.