ಬೆಲೆ ಕಟ್ಟುವ ಕೈ ಯಾರದು?



ಗಡಿನಾಡಿನ ನಾರಾಯಣಪೇಟೆಯ ಈ ಕೈಮಗ್ಗ ಮೇಳವನ್ನು ಉದ್ಘಾಟಿಸಬೇಕು, ಜೊತೆಗೆ ಜಾಗತೀಕರಣದ ಕುರಿತು ನಾಲ್ಕು ಮಾತು ಆಡಬೇಕು ಎಂದು ಸಂಘಟಕರು ಕೇಳಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಯಾವ ಸಭೆಯಾದರೂ ಎರಡು ಬಣವಾಗಿ ಒಡೆಯುತ್ತದೆ. ಮಗ್ಗ ನಿಂತದ್ದಕ್ಕೆ, ಮಕ್ಕಳು ಊರು ಬಿಟ್ಟದ್ದಕ್ಕೆ, ಭಾಷೆ ಸೊರಗಿದ್ದಕ್ಕೆ ಅದೊಂದೇ ಕಾರಣ ಎನ್ನುವವರು ಒಂದು ಕಡೆ. ಅದು ಬರದೇ ಹೋಗಿದ್ದರೆ ಇನ್ನೂ ಹೊಟ್ಟೆಗಿಲ್ಲದೆ ಕೂತಿರುತ್ತಿದ್ದೆವು ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತಿಗೂ ಆಧಾರಗಳಿವೆ. ಆದರೆ ನಮ್ಮ ಈ ಸೀಮೆಯ ಮಗ್ಗವನ್ನೂ ಹೊಲವನ್ನೂ ಹತ್ತಿರದಿಂದ ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸುತ್ತದೆ. ಸರಕು ಎಷ್ಟು ದೂರದಿಂದ ಬರುತ್ತದೆ, ಎಷ್ಟು ದೂರಕ್ಕೆ ಹೋಗುತ್ತದೆ ಎಂಬುದು ಆಮೇಲಿನ ಮಾತು. ಆ ದಾರಿಯಲ್ಲಿ ಬೆಲೆ ಕಟ್ಟುವವರು ಯಾರು, ಅಲ್ಲಿ ದುಡಿಯುವವನ ಮಾತಿಗೆ ಜಾಗ ಇದೆಯೇ ಎಂಬುದು ಮೊದಲಿನದು. ಇವತ್ತು ಅಷ್ಟನ್ನೇ ಹೇಳಲು ಬಂದಿದ್ದೇನೆ.

ಜಾಗತೀಕರಣ 1991ರಲ್ಲಿ ದೆಹಲಿಯಿಂದ ಹೊರಟು ನಮ್ಮ ಊರಿಗೆ ಬಂತು ಎಂದು ಹೇಳುವುದು ರೂಢಿ. ಆದರೆ ನಾರಾಯಣಪೇಟೆ ಸೀರೆಯ ಹುಟ್ಟಿನ ಕಥೆಯೇ ದಾರಿಹೋಕರ ಕಥೆ. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟು ಮುಂದೆ ಹೋದಾಗ ಜೊತೆಗಿದ್ದ ನೇಕಾರರು ಇಲ್ಲಿಯೇ ಉಳಿದರು ಎಂಬ ಐತಿಹ್ಯವಿದೆ. ಐತಿಹ್ಯಕ್ಕೆ ದಾಖಲೆ ಕೇಳುವುದು ಬೇಡ. ಆದರೆ ಚೌಕಳಿಯ ಮೈ, ಅಗಲ ದಡಿಯ ನಮ್ಮ ಸೀರೆಯನ್ನು ಮಹಾರಾಷ್ಟ್ರದ ಹೆಣ್ಣುಮಕ್ಕಳು ಇವತ್ತಿಗೂ ತಮ್ಮದೇ ಸೀರೆ ಎಂಬಂತೆ ಕೊಳ್ಳುತ್ತಾರೆ ಎಂಬುದು ಕಣ್ಣೆದುರಿನ ಸತ್ಯ. ಗದ್ವಾಲ ಸಂಸ್ಥಾನದ ಕಾಲದಿಂದ ಅಲ್ಲಿಯ ಮಗ್ಗದಲ್ಲಿ ನೇಯ್ದ ಜೋಡು ಪಂಚೆ ಬ್ರಹ್ಮೋತ್ಸವದ ಹೊತ್ತಿಗೆ ತಿರುಮಲೆಗೆ ಹೋಗುತ್ತಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅದೇ ಹಳಿಯ ಮೇಲಿದೆ ನಮ್ಮ ಕೃಷ್ಣಾ ಸ್ಟೇಷನ್. ಜರ್ಮನಿಯ ಕಾರ್ಖಾನೆಗಳು 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದದ್ದೇ ತಡ, ಭಾರತದ ನೀಲಿ ಬೆಳೆ ನೆಲ ಕಚ್ಚಿತು. ದೂರದ ಊರಿನ ಏರಿಳಿತ ನಮ್ಮ ಅಡುಗೆಮನೆಯನ್ನು ಮುಟ್ಟುವುದು ಹೊಸದೇನೂ ಅಲ್ಲ. 1991ರ ನಂತರ ಅದರ ವೇಗ ಹೆಚ್ಚಾಯಿತು. ತೀರ್ಮಾನ ಮಾಡುವವರು ಇನ್ನಷ್ಟು ದೂರ ಸರಿದರು.

ಹಾಗಾದರೆ ಬಾಗಿಲು ಮುಚ್ಚಿಬಿಟ್ಟರೆ ಆಗದೇ? ರೇಷ್ಮೆಯ ಉದಾಹರಣೆ ನೋಡೋಣ. ರೇಷ್ಮೆ ಉತ್ಪಾದನೆಯಲ್ಲಿ ಜಗತ್ತಿನಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಭಾರತದೊಳಗೆ ಕರ್ನಾಟಕ ಮೊದಲು. ಆದರೂ ನಮ್ಮ ಮಗ್ಗಗಳಿಗೆ ಬೇಕಾದಷ್ಟು ನೂಲು ಇಲ್ಲಿ ಆಗುವುದಿಲ್ಲ. ಎಳೆ ಒಂದೇ ಸಮ ಇರುವ ಚೀನಾ ರೇಷ್ಮೆಗೆ ಹಾಸಿನ ಕೆಲಸದಲ್ಲಿ ಬೇಡಿಕೆಯೂ ಇದೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ನೇಯುವವರಿಗೆ ನೂಲು ಅಗ್ಗವಾಗುವ ಭರವಸೆ ಸಿಕ್ಕಿತು. ಅದೇ ಹೊತ್ತಿಗೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ರೇಷ್ಮೆ ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಇಲ್ಲಿ ನಮ್ಮವರು ಯಾರು, ಹೊರಗಿನವರು ಯಾರು? ನೂಲು ಅಗ್ಗವಾಗಲಿ ಎನ್ನುವ ಗದ್ವಾಲದ ನೇಕಾರನೂ ನಮ್ಮವನೇ, ತುಟ್ಟಿಯಾಗಲಿ ಎನ್ನುವ ರಾಮನಗರದ ರೈತನೂ ನಮ್ಮವನೇ. ಸ್ವದೇಶಿಯ ಘೋಷಣೆಯಿಂದ ಈ ಜಗಳ ಬಗೆಹರಿಯುವುದಿಲ್ಲ. ಮುಕ್ತ ಮಾರುಕಟ್ಟೆಯ ಘೋಷಣೆಯಿಂದಲೂ ಇಲ್ಲ. ಸುಂಕ ಏರಿಸುವ, ಇಳಿಸುವ ಎರಡೂ ತೀರ್ಮಾನಗಳನ್ನು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾಡಬೇಕಿತ್ತು. ನೇಕಾರ, ರೈತ ಇಬ್ಬರಿಗೂ ಬಜೆಟ್ ಮುಗಿದ ಮೇಲೆ ಪೇಪರಿನಲ್ಲಿ ಓದಿಯೇ ವಿಷಯ ಗೊತ್ತಾಗುವುದು.

ಈಗ ಮಗ್ಗದ ಹತ್ತಿರ ಹೋಗೋಣ. ಗದ್ವಾಲ ಸೀರೆಯ ಮೈ ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಮೈಯ ಬಣ್ಣ ದಡಿಗೆ ನುಗ್ಗಬಾರದು, ದಡಿಯ ಬಣ್ಣ ಮೈಗೆ ಇಳಿಯಬಾರದು. ಅದಕ್ಕಾಗಿ ಮೈಗೊಂದು, ಎರಡು ದಡಿಗೆ ಎರಡು, ಹೀಗೆ ಮೂರು ಲಾಳಿ ಓಡಬೇಕು. ಮೈಯೂ ದಡಿಯೂ ಕೂಡುವ ಗೆರೆಯಲ್ಲಿ ಹೊಕ್ಕಿನ ಒಂದೊಂದು ಎಳೆಯನ್ನೂ ಇನ್ನೊಂದಕ್ಕೆ ಕೈಯಿಂದಲೇ ಸಿಕ್ಕಿಸಿ ಹಿಂದಕ್ಕೆ ತಿರುಗಿಸಬೇಕು. ಎಷ್ಟೋ ಸಲ ಒಂದೇ ಮಗ್ಗಕ್ಕೆ ಇಬ್ಬರು ಕೂರಬೇಕಾಗುತ್ತದೆ. ಇಳಕಲ್ಲಿನವರು ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುತ್ತಾರಲ್ಲ, ಅದಕ್ಕೆ ಸಮನಾದ ತಾಳ್ಮೆ ಇಲ್ಲಿ ಸೀರೆಯ ಉದ್ದಕ್ಕೂ ಬೇಕು. ನಾರಾಯಣಪೇಟೆಯಲ್ಲಿ 56 ಗಜದ ಹಾಸನ್ನು ಒಮ್ಮೆಗೇ ಮಗ್ಗಕ್ಕೆ ಏರಿಸಿ ಎಂಟು ಸೀರೆ ಇಳಿಸುವ ಪದ್ಧತಿ ಇದೆ. ಹಾಸು, ಜರಿ, ಬಣ್ಣಗಳಿಗೆಲ್ಲ ಮೊದಲೇ ಬಂಡವಾಳ ಬೇಕು. ಅದು ನೇಯುವವನ ಹತ್ತಿರ ಇರುವುದಿಲ್ಲ. ಆದ್ದರಿಂದ ಬಂಡವಾಳ ಹಾಕುವ ಮಾಸ್ಟರ್ ವೀವರ್ ನೂಲು ಕೊಡುತ್ತಾನೆ, ಸೀರೆ ಅವನಿಗೇ ಹೋಗುತ್ತದೆ, ನೇಯ್ದವನಿಗೆ ಮಜೂರಿ ಉಳಿಯುತ್ತದೆ. 2019-20ರ ರಾಷ್ಟ್ರೀಯ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಸೀರೆಗೆ ಗಿರಾಕಿ ಇಲ್ಲ ಎಂಬುದೊಂದೇ ಕಾರಣವಾಗಿದ್ದರೆ ದೊಡ್ಡ ಊರುಗಳ ಅಂಗಡಿಗಳಲ್ಲಿ ಗದ್ವಾಲ ಸೀರೆಗೆ ಅಷ್ಟು ಬೆಲೆ ಇರುತ್ತಿರಲಿಲ್ಲ. ಆ ಬೆಲೆಯಲ್ಲಿ ಮಗ್ಗದ ತನಕ ವಾಪಸು ಬರುವುದು ಕಡಿಮೆ.

ಇದೇ ಗದ್ವಾಲದಲ್ಲಿ ಮಗ್ಗದಿಂದ ಸ್ವಲ್ಪ ಆಚೆ ಹೋದರೆ ಹತ್ತಿ ಬೀಜದ ಹೊಲಗಳು. ಹೈಬ್ರಿಡ್ ಹತ್ತಿ ಬೀಜ ತಯಾರಿಸುವ ದೇಶದ ಪ್ರಮುಖ ಸೀಮೆಗಳಲ್ಲಿ ಇದೂ ಒಂದು. ಸಂಜೆಯ ಹೊತ್ತು, ಮರುದಿನ ಅರಳಲಿರುವ ಮೊಗ್ಗನ್ನು ಉಗುರಿನಿಂದ ಸೀಳಿ ದಳವನ್ನೂ ಗಂಡುಭಾಗವನ್ನೂ ಕಿತ್ತು ತೆಗೆಯಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಹೀಗೆ ಒಂದೊಂದು ಹೂವಿಗೂ ಎರಡು ಸಲ ಕೈ ಮುಟ್ಟಬೇಕು. ಈ ವಿದ್ಯೆ ಹೊರಗಿನಿಂದ ಬಂದದ್ದಲ್ಲ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ತಳಿಯೂ ಹೀಗೆ ಕೈಯಿಂದ ಹೂ ಕೂಡಿಸಿಯೇ ಬೀಜವಾಗುತ್ತಿತ್ತು. 2002ರಲ್ಲಿ ಕುಲಾಂತರಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಕೆಲಸ ಅದೇ ಉಳಿಯಿತು, ಒಡೆತನ ಬದಲಾಯಿತು. ಕಂಪನಿ ಆರ್ಗನೈಸರ್ ಎಂಬ ಮಧ್ಯವರ್ತಿಗೆ ಹಣ ಕೊಡುತ್ತದೆ, ಆರ್ಗನೈಸರ್ ರೈತನಿಗೆ ಮುಂಗಡ ಕೊಡುತ್ತಾನೆ, ಬೀಜದ ಬೆಲೆಯನ್ನು ಕಂಪನಿ ಹೇಳುತ್ತದೆ, ಪರೀಕ್ಷೆಯಲ್ಲಿ ಬೀಜ ಫೇಲಾದರೆ ನಷ್ಟ ರೈತನದು. ಬೆಲೆ ಬಿಗಿದಷ್ಟೂ ಅಗ್ಗದ ಕೂಲಿ ಹುಡುಕುವ ಒತ್ತಡ ಹೆಚ್ಚುತ್ತದೆ. ಕರ್ನೂಲು, ಪಾಲಮೂರು (ಮಹಬೂಬನಗರ) ಸೀಮೆಯ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಹೆಣ್ಣುಮಕ್ಕಳು ಹೂ ಕೂಡಿಸುತ್ತಿದ್ದ ಸಂಗತಿ ಎರಡು ದಶಕಗಳ ಹಿಂದೆಯೇ ಲೋಕದ ಮುಂದೆ ಬಂತು. ಮಗ್ಗಕ್ಕೂ ಹೊಲಕ್ಕೂ ಇಲ್ಲಿ ವ್ಯತ್ಯಾಸವಿಲ್ಲ. ನುರಿತ ಕೈ ನಮ್ಮದು, ಬಂಡವಾಳ ಬೇರೆಯವರದು, ಬೆಲೆಯೂ ಅವರದೇ.

ಬಲವಿದ್ದವನು ಬೆಲೆ ಕಟ್ಟುವುದು ಲೋಕರೂಢಿ, ಅದನ್ನು ತಡೆಯಲು ಯಾರಿಂದ ಸಾಧ್ಯ ಎಂದು ಕೇಳಬಹುದು. 2006ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಬಿಟಿ ಹತ್ತಿಯ 450 ಗ್ರಾಂ ಬೀಜದ ಪ್ಯಾಕೆಟ್ಟಿಗೆ ಆಗ 1,600 ರೂಪಾಯಿಗೂ ಮೇಲೆ ಬೆಲೆಯಿತ್ತು. ಅದರಲ್ಲಿ ದೊಡ್ಡ ಪಾಲು ಬಿಟಿ ತಂತ್ರಜ್ಞಾನಕ್ಕೆ ಅದರ ಒಡೆತನದ ಕಂಪನಿ ಪಡೆಯುತ್ತಿದ್ದ ಶುಲ್ಕ. ಅವಿಭಜಿತ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ವಿರೋಧಿ ಆಯೋಗದ ಮೆಟ್ಟಿಲು ಹತ್ತಿತು, 750 ರೂಪಾಯಿಯ ಮಿತಿ ಹಾಕಿತು. ಕಂಪನಿ ಆ ಬೆಲೆಗೂ ಬೀಜ ಮಾರಿತು, ದೇಶ ಬಿಟ್ಟು ಹೋಗಲಿಲ್ಲ. ಮಾರುಕಟ್ಟೆಯ ನಿಯಮ ಎಂದು ನಮಗೆ ಹೇಳಿದ್ದರಲ್ಲಿ ಎಷ್ಟೋ ಭಾಗ ಯಾರೂ ಎದುರು ಮಾತಾಡದೇ ಇದ್ದುದರ ಫಲ ಎಂದು ಇದರಿಂದ ತಿಳಿಯುತ್ತದೆ. ಆದರೆ ಆ ತೀರ್ಮಾನದ ಮಿತಿಯನ್ನೂ ಹೇಳಬೇಕು. ಬೀಜ ಕೊಳ್ಳುವ ರೈತನಿಗೆ ಅದರಿಂದ ಲಾಭವಾಯಿತು. ಬೀಜ ಬೆಳೆಯುವ ಗದ್ವಾಲದ ರೈತನಿಗೆ ಕಂಪನಿ ಕೊಡುವ ಬೆಲೆಗೆ ಅದು ಕೈ ಹಾಕಲಿಲ್ಲ. ಅರ್ಧ ಕೆಲಸ ಹಾಗೇ ಉಳಿದಿದೆ.

ಸೀರೆಗೆ ಭೌಗೋಳಿಕ ಸೂಚಕ ಸಿಕ್ಕಿದೆಯಲ್ಲ, ಅದೇ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. 1999ರ ಕಾನೂನಿನ ಪ್ರಕಾರ ಗದ್ವಾಲಕ್ಕೂ ನಾರಾಯಣಪೇಟೆಗೂ ಆ ಮಾನ್ಯತೆ ಸಿಕ್ಕಿರುವುದು ಹೆಮ್ಮೆಯ ಸಂಗತಿಯೇ. ಸೀರೆಯೂ ಸೇರಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯೂ ಇದೆ. ಆದರೆ ಈ ಎರಡು ಕಾನೂನುಗಳು ಕಾಯುವುದು ಹೆಸರನ್ನು ಮತ್ತು ನೇಯ್ಗೆಯ ಬಗೆಯನ್ನು. ಮಜೂರಿಯನ್ನು ಕಾಯುವ ಸಾಲು ಎರಡರಲ್ಲೂ ಇಲ್ಲ. ಪವರ್‌ಲೂಮಿನ ಸೀರೆಗೆ ಗದ್ವಾಲ ಎಂದು ಚೀಟಿ ಅಂಟಿಸುವವನನ್ನು ಹಿಡಿಯಲೇಬೇಕು. ಪವರ್‌ಲೂಮಿನಲ್ಲಿ ದುಡಿಯುವವನೂ ಕೂಲಿಯವನೇ ಅಲ್ಲವೇ, ಅಗ್ಗದ ಸೀರೆ ಉಡುವ ಬಡವಿಗೂ ಹಕ್ಕಿಲ್ಲವೇ ಎಂದು ಕೇಳುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅಗ್ಗದ ಸೀರೆ ತನ್ನದೇ ಹೆಸರಿನಲ್ಲಿ ಮಾರಲಿ, ಯಾರದೂ ತಕರಾರಿಲ್ಲ. ಕದ್ದ ಹೆಸರಿನಲ್ಲಿ ಮಾರಿದರೆ ಉಟ್ಟವಳಿಗೂ ಮೋಸ, ನೇಯ್ದವನಿಗೂ ಮೋಸ. ಹೆಸರಿನ ನಂಬಿಕೆಗೆ ಎಷ್ಟು ಬೆಲೆ ಎಂದು ತಿಳಿಯಲು ಈ ಊರಿನ ಬಂಗಾರದ ಪೇಟೆಯನ್ನು ನೋಡಿ. ಬಂಗಾರದ ದರ ಲಂಡನ್ನಿನಲ್ಲಿ ಏರಿಳಿಯುತ್ತದೆ, ಅದರ ಮೇಲೆ ನಮ್ಮ ಹಿಡಿತವಿಲ್ಲ. ಆದರೂ ಕರ್ನಾಟಕ, ಮಹಾರಾಷ್ಟ್ರಗಳಿಂದ ಗಿರಾಕಿ ಇಲ್ಲಿಗೇ ಬರುತ್ತಾರೆ, ಶುದ್ಧತೆಯ ಮಾತಿಗೆ ನಾರಾಯಣಪೇಟೆಯ ವ್ಯಾಪಾರಿ ತಪ್ಪುವುದಿಲ್ಲ ಎಂಬ ನಂಬಿಕೆಯಿಂದ. ದರ ಹೊರಗೆ ನಿಂತರೂ ಗುಣಮಟ್ಟದ ಹಿಡಿತ ನಮ್ಮಲ್ಲಿ ಉಳಿದರೆ ಚೌಕಾಸಿಗೆ ಬಲ ಬರುತ್ತದೆ.

ಸಂಸ್ಕೃತಿಯ ವಿಷಯಕ್ಕೆ ಬರುತ್ತೇನೆ. ಜಗತ್ತು ಒಳಗೆ ಬಂದರೆ ನಮ್ಮ ಭಾಷೆ ಹೋಗುತ್ತದೆ ಎಂಬ ಭಯ ಗಡಿನಾಡಿನಲ್ಲಿ ಹೆಚ್ಚು. ಆದರೆ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುವ ಈ ಪೇಟೆಯನ್ನು ಕಟ್ಟಿದ್ದೇ ವ್ಯಾಪಾರ. ಗದ್ವಾಲ, ಆಲಂಪುರಗಳು 1956ರವರೆಗೆ ರಾಯಚೂರು ಜಿಲ್ಲೆಯ ತಾಲೂಕುಗಳು. ಆ ನವೆಂಬರಿನಲ್ಲಿ ರಾಜ್ಯಗಳ ನಡುವೆ ಗೆರೆ ಬಿದ್ದ ಮೇಲೂ ಕೃಷ್ಣಾ, ಮಾಗನೂರು ಕಡೆಯ ಕನ್ನಡದ ಮನೆಗಳು ಸಂತೆಗೆ ರಾಯಚೂರಿನತ್ತ, ಕಚೇರಿಗೆ ಪಾಲಮೂರಿನತ್ತ ಮುಖ ಮಾಡಿದವು. ಕನ್ನಡ ಶಾಲೆ ಸೊರಗಿದರೆ ಅದಕ್ಕೆ ಕಾರಣ ಟಿವಿಯಲ್ಲಿ ಬರುವ ಪರದೇಶದ ಹಾಡು ಎಂದು ನಾನು ನಂಬುವುದಿಲ್ಲ. ಆ ಶಾಲೆಯಲ್ಲಿ ಕಲಿತ ಹುಡುಗನಿಗೆ ಇಲ್ಲಿ ಮರ್ಯಾದೆಯ ಸಂಬಳ ಕೊಡುವ ಕೆಲಸ ಕಾಣುವುದಿಲ್ಲ. ಪಾಲಮೂರು ಲೇಬರ್ ಎಂಬ ಹೆಸರು ಹೊತ್ತು ನಮ್ಮವರು ಮುಂಬೈ, ಪುಣೆ, ಬೆಂಗಳೂರು ಕಟ್ಟಿದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ಆ ಊರುಗಳಲ್ಲಿ ಅಂಥವರಿಗೆ ಎಷ್ಟು ಜಾಗವಿತ್ತು ಎಂದು ದೇಶವೇ ನೋಡಿತು. ದುಡಿಮೆಗೆ ಬೆಲೆ ಇರುವ ಕಡೆ ಭಾಷೆ ಉಳಿಯುತ್ತದೆ; ಮನೆಮಂದಿ ಚದುರಿದ ಕಡೆ ಎಂಥ ಘೋಷಣೆಯಿಂದಲೂ ಉಳಿಯುವುದಿಲ್ಲ.

ನೇಕಾರರ ಮಕ್ಕಳಿಗೇ ಮಗ್ಗ ಬೇಡವಾಗಿದೆ, ಇನ್ನೇಕೆ ಈ ಮೇಳ ಎನ್ನುವವರಿಗೆ ಒಂದು ಮಾತು. ಅಪ್ಪ ನೇಯ್ದ ಎಂದು ಮಗ ನೇಯಬೇಕಾಗಿಲ್ಲ. ಇಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ. ಆದರೆ ಇಷ್ಟಪಟ್ಟು ಬಿಡುವುದು ಬೇರೆ, ಹೊಟ್ಟೆ ತುಂಬದೆ ಬಿಡುವುದು ಬೇರೆ. ಮಜೂರಿ ಏರಿದ ಮೇಲೂ ಮಗ್ಗ ಬೇಡ ಎಂದರೆ ಆಗ ಒಪ್ಪೋಣ. ಆ ಪರೀಕ್ಷೆಯನ್ನು ನಾವು ಇನ್ನೂ ಮಾಡಿಯೇ ಇಲ್ಲ.

ಆದ್ದರಿಂದ ಸಂಘಟಕರಲ್ಲಿ ಒಂದು ಬೇಡಿಕೆ ಇಡುತ್ತೇನೆ. ಈ ಮೇಳದ ಪ್ರತಿ ಸೀರೆಗೂ ದರದ ಚೀಟಿಯ ಜೊತೆ ಇನ್ನೊಂದು ಚೀಟಿ ಕಟ್ಟಿ. ನೂಲಿಗೆ ಎಷ್ಟು, ಜರಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ನೇಯ್ದವರ ಮಜೂರಿ ಎಷ್ಟು, ಮಾರಾಟದ ಖರ್ಚು ಮತ್ತು ಲಾಭ ಎಷ್ಟು ಎಂದು ಬರೆಯಿರಿ. ವ್ಯಾಪಾರಿಗಳಿಗೆ ಇದರಿಂದ ಮುಜುಗರ ಎನ್ನಬಹುದು. ಬಂಡವಾಳ ಹಾಕಿ, ಸಾಲ ಕೊಟ್ಟು, ಮಾರದ ಸರಕನ್ನು ಹೊತ್ತು ಕೂರುವ ವ್ಯಾಪಾರಿಯ ಖರ್ಚೂ ಆ ಚೀಟಿಯಲ್ಲಿ ಕಾಣುತ್ತದೆ. ನ್ಯಾಯವಾದ ಪಾಲು ಪಡೆಯುವವನು ಅದನ್ನು ಬಚ್ಚಿಡಬೇಕಾಗಿಲ್ಲ. ಬೀಜದ ರೈತರಿಗೂ ಇದೇ ಮಾತು: ಬಿತ್ತುವ ಮೊದಲೇ ದರವೂ ಪರೀಕ್ಷೆಯ ಷರತ್ತೂ ಬರಹದಲ್ಲಿರಲಿ, ತೆಲುಗಿನಲ್ಲೂ ಕನ್ನಡದಲ್ಲೂ ಇರಲಿ. ಕೊಳ್ಳಲು ಬಂದ ತಾಯಂದಿರೇ, ದಡಿ ನೋಡಿ, ಸೆರಗು ನೋಡಿ, ಆಮೇಲೆ ಮಜೂರಿಯ ಸಾಲನ್ನೂ ಕೇಳಿ. ಮುಂಬೈಯ ಅಂಗಡಿಗೋ ಅಮೆರಿಕದ ಗಿರಾಕಿಗೋ ನಾವು ಷರತ್ತು ಹಾಕುವುದು ನಾಳಿನ ಮಾತು. ಲೆಕ್ಕ ಕೇಳುವ ಅಭ್ಯಾಸ ಇಲ್ಲಿ, ಈ ಮಳಿಗೆಗಳ ಮುಂದೆ, ಇವತ್ತೇ ಆಗಲಿ ಎಂದು ಹೇಳಿ ಈ ಕೈಮಗ್ಗ ಮೇಳವನ್ನು ಸಂತೋಷದಿಂದ ಉದ್ಘಾಟಿಸುತ್ತೇನೆ.